ಕೊರಿಂಥದ ಕಲ್ಲುಹಾಸು, ಪೌಲನ ಪತ್ರ
(ಮಠದ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಲಿಂಗಾಯತರ ಗೋಷ್ಠಿಯಲ್ಲಿ ಬೈಬಲ್ಲಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಜಾತಿ ಕೇಳದೆ ಜನರನ್ನು ಒಳಗೆ ಕರೆದ ಪರಂಪರೆ ನಮ್ಮದು. ಒಳ್ಳೆಯ ವಿಚಾರಕ್ಕೂ ಅದೇ ಬಾಗಿಲು ತೆರೆದಿರಲಿ.

ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದ 13ನೆಯ ಅಧ್ಯಾಯ ಪ್ರೀತಿಯನ್ನು ಕುರಿತದ್ದು. ಕ್ರೈಸ್ತರ ಮದುವೆಗಳಲ್ಲಿ ಅದನ್ನು ಓದುತ್ತಾರೆ. ಆದರೆ ಪೌಲ ಅದನ್ನು ಬರೆದದ್ದು ವಧೂವರರಿಗಲ್ಲ, ಜಗಳವಾಡುತ್ತಿದ್ದ ಒಂದು ಸಮುದಾಯಕ್ಕೆ.

ಗ್ರೀಸಿನ ಕೊರಿಂಥ ಎರಡು ಸಮುದ್ರಗಳ ನಡುವಿನ ವ್ಯಾಪಾರದ ಊರು. ಕ್ರಿ.ಪೂ. 146ರಲ್ಲಿ ರೋಮನ್ನರು ಅದನ್ನು ನಾಶ ಮಾಡಿದರು, ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಮತ್ತೆ ಕಟ್ಟಿಸಲು ಮುಂದಾದ. ಅಲ್ಲಿ ನೆಲೆಸಿದವರಲ್ಲಿ ಬಿಡುಗಡೆ ಪಡೆದ ಗುಲಾಮರೇ ಹೆಚ್ಚು. ಹೊಸ ಊರು, ಹೊಸ ದುಡ್ಡು. ಎಲ್ಲರಿಗೂ ಹೆಸರು ಬೇಕು. ಅಲ್ಲಿಯ ರಂಗಮಂದಿರದ ಹತ್ತಿರ ಒಂದು ಕಲ್ಲುಹಾಸು ಸಿಕ್ಕಿದೆ. ಅಧಿಕಾರ ಸಿಕ್ಕಿದ್ದಕ್ಕಾಗಿ ಎರಾಸ್ತಸ್ ಎಂಬವನು ತನ್ನ ಸ್ವಂತ ಖರ್ಚಿನಲ್ಲಿ ಇದನ್ನು ಹಾಸಿಸಿದ ಎಂದು ಅದರಲ್ಲಿ ಕೆತ್ತಿದೆ. ಸರ್ಕಾರಿ ಎಂಜಿನಿಯರ್ ಆಗಿದ್ದ ನನಗೆ ಇಂಥ ಕಲ್ಲುಗಳ ಪರಿಚಯ ಚೆನ್ನಾಗಿದೆ. ಕಾಮಗಾರಿ ಮುಗಿಯುವ ಮೊದಲೇ ಹೆಸರಿನ ಫಲಕ ಸಿದ್ಧವಾಗಿರುತ್ತದೆ!

ಕ್ರಿ.ಶ. 50ರ ಸುಮಾರಿಗೆ ಪೌಲ ಆ ಊರಿಗೆ ಬಂದ. ಡೇರೆ ಮಾಡುವ ಕಾಯಕದಿಂದ ಹೊಟ್ಟೆ ಹೊರೆದುಕೊಂಡು ಒಂದೂವರೆ ವರ್ಷ ಬೋಧಿಸಿದ. ಅವನು ಹೋದ ಮೇಲೆ ಅಲ್ಲಿ ಪಂಗಡಗಳಾದವು: ನಾನು ಪೌಲನ ಕಡೆಯವನು, ನಾನು ಅಪೊಲ್ಲೋಸನ ಕಡೆಯವನು ಎಂದು. ಸಾಮೂಹಿಕ ಊಟದಲ್ಲಿ ಉಳ್ಳವರು ಮೊದಲೇ ಉಂಡರು, ಬಡವರು ಹಸಿದು ಕೂತರು. ಯಾರ ಆಧ್ಯಾತ್ಮಿಕ ವರ ದೊಡ್ಡದು ಎಂಬ ಪೈಪೋಟಿಯೂ ಶುರುವಾಯಿತು.

ಈ ಜಗಳಕ್ಕೆ ಮದ್ದಾಗಿ ಪೌಲ ಪ್ರೀತಿಯನ್ನು ಮುಂದಿಟ್ಟ. ಅದು ಮತ್ಸರಪಡುವುದಿಲ್ಲ, ಜಂಬ ಕೊಚ್ಚುವುದಿಲ್ಲ, ಉಬ್ಬುವುದಿಲ್ಲ ಎಂಬುದು ಅವನ ಮಾತಿನ ಸಾರ. ಗ್ರೀಕ್ ಮೂಲದಲ್ಲಿ ಇವೆಲ್ಲ ಕ್ರಿಯಾಪದಗಳು. ಪ್ರೀತಿಯೆಂದರೆ ಏನು ಅನ್ನಿಸುತ್ತದೆ ಎಂದಲ್ಲ, ಹೇಗೆ ನಡೆಯುತ್ತೇವೆ ಎಂದು ಅರ್ಥ. ನುಡಿಯಂತೆ ನಡೆ ಎಂದ ಶರಣರ ಮಕ್ಕಳಿಗೆ ಇದು ಹೊಸದಲ್ಲ. 'ಉಬ್ಬು' ಎಂಬುದಕ್ಕೆ ಅವನು ಬಳಸಿದ ಪದಕ್ಕೆ ಕಮ್ಮಾರನ ತಿದಿಯೊಂದಿಗೆ ನಂಟಿದೆ. ಆ ಪದ ಈ ಒಂದೇ ಪತ್ರದಲ್ಲಿ ಆರು ಸಲ ಬರುತ್ತದೆ. ತಿದಿ ನೋಡಲು ದೊಡ್ಡದು, ಒಳಗಿರುವುದು ಬರೀ ಗಾಳಿ.

ಮತ್ಸರ ನಮಗಿಂತ ಮೇಲಿನವರನ್ನು ನೋಡಿ ಹುಟ್ಟುತ್ತದೆ, ಗರ್ವ ಕೆಳಗಿನವರನ್ನು ನೋಡಿ. ಜಂಬಕ್ಕೆ ಇಬ್ಬರೂ ತನ್ನನ್ನೇ ನೋಡಬೇಕು. ಮೂರಕ್ಕೂ ಪಕ್ಕದವನೇ ಅಳತೆಗೋಲು. ಸರ್ವೆ ಮಾಡುವಾಗ ಬೆಂಚ್‌ಮಾರ್ಕ್ ಕಲ್ಲೇ ಕದಲಿದರೆ ಮುಂದಿನ ಎಲ್ಲ ಮಟ್ಟಗಳೂ ತಪ್ಪುತ್ತವೆ. ಪಕ್ಕದವನು ದಿನವೂ ಕದಲುವ ಕಲ್ಲು. ಪೌಲನಿಗೆ ಕದಲದ ಗುರುತು ಕ್ರಿಸ್ತ, ನಮಗೆ ಅಂಗೈಯ ಇಷ್ಟಲಿಂಗ. ಬೇರು ಬೇರೆಬೇರೆ; ಎರಡನ್ನೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಅಹಂಕಾರ ಕರಗದೆ ಭಕ್ತಿಯಿಲ್ಲ ಎಂಬಲ್ಲಿ ಇಬ್ಬರೂ ಕೂಡುತ್ತಾರೆ. ರಾಜ್ಯದ ಭಂಡಾರ ನೋಡಿಕೊಳ್ಳುತ್ತಿದ್ದ ಬಸವಣ್ಣನವರು ಶಿವಭಕ್ತರಲ್ಲಿ ತಮ್ಮನ್ನೇ ಎಲ್ಲರಿಗಿಂತ ಕಿರಿಯರೆಂದು ಎಣಿಸಿಕೊಂಡರು.

ಈಗ ನಮ್ಮನ್ನು ನೋಡಿಕೊಳ್ಳೋಣ. ದಾನದಲ್ಲಿ 'ನಾನು ಕೊಟ್ಟೆ' ಎಂಬುದು ಉಳಿಯುತ್ತದೆ, ದಾಸೋಹದಲ್ಲಿ ಅದು ಅಳಿಯಬೇಕು. ಹಾಗಿದ್ದೂ ನಮ್ಮ ದಾಸೋಹ ಭವನಗಳ ಗೋಡೆ ತುಂಬ ದಾನಿಗಳ ಹೆಸರಿನ ಕಲ್ಲುಗಳಿವೆ. ಬಸವ ಜಯಂತಿಯ ಫ್ಲೆಕ್ಸಿನಲ್ಲಿ ಬಸವಣ್ಣನವರ ಚಿತ್ರಕ್ಕಿಂತ ನಮ್ಮ ಮುಖಗಳೇ ದೊಡ್ಡವು. ಹೆಣ್ಣು ಕೊಡುವಾಗ ಇಷ್ಟಲಿಂಗ ಸಾಲದು, ಒಳಪಂಗಡವೂ ಬೇಕು. ನಾನು ಈ ಮಠದವನು, ನೀನು ಆ ಮಠದವನು ಎನ್ನುವುದು ಕೊರಿಂಥದ ಜಗಳಕ್ಕಿಂತ ಬೇರೆಯೇ?

ಊಟಕ್ಕೆ ಕೂಡಿದಾಗ ಒಬ್ಬರಿಗಾಗಿ ಒಬ್ಬರು ಕಾಯಬೇಕೆಂದು ಪೌಲ ಅವರಿಗೆ ಹೇಳಿದ. ಆಯ್ದಕ್ಕಿ ಲಕ್ಕಮ್ಮ ತಾಯಿ, ಗಂಡ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಕಳುಹಿಸಿದರು. ಎರಡೂ ಸಣ್ಣ ಕೆಲಸಗಳೇ. ನಾವೂ ಅಷ್ಟರಿಂದಲೇ ಶುರುಮಾಡೋಣ. ಬರುವ ಬಸವ ಜಯಂತಿಗೆ ಫ್ಲೆಕ್ಸಿನಲ್ಲಿ ಯಾರ ಹೆಸರೂ ಬೇಡ. ಪ್ರಸಾದದ ಮೊದಲ ಪಂಕ್ತಿಯಲ್ಲಿ ಅಂಗಳ ಗುಡಿಸಿದವರು, ಪಾತ್ರೆ ತೊಳೆಯುವವರು ಕೂಡಲಿ; ಸಮಿತಿಯವರು ಬಡಿಸಲಿ. ಇದನ್ನು ಇಂದೇ ತೀರ್ಮಾನಿಸಬೇಕೆಂದು ಸಭೆಯಲ್ಲಿ ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.