ಚೀಟಿ ಎತ್ತದೆ ಸಂಖ್ಯಾಶಾಸ್ತ್ರವಿಲ್ಲ: ಅಧ್ಯಕ್ಷ ಭಾಷಣ

ಮಾದರಿ ಸರಾಸರಿಗಳ ವಿತರಣೆ ಸಮಾಜವಿಜ್ಞಾನದ ವಿದ್ಯಾರ್ಥಿಗಳ ತಲೆಗೆ ಹತ್ತದಿರುವುದಕ್ಕೆ ಗಣಿತದ ಭಯವೊಂದೇ ಕಾರಣವಲ್ಲ. ಅವರು ಎರಡನೆಯ ಮಾದರಿಯನ್ನು ಕಂಡೇ ಇರುವುದಿಲ್ಲ. ಕಿರುಪ್ರಬಂಧಕ್ಕೆ ಒಂದು ಸಮೀಕ್ಷೆ, ಒಂದು ಸರಾಸರಿ. ಅಲ್ಲಿಗೆ ಕೆಲಸ ಮುಗಿಯಿತು. ಅದೇ ಜನರಲ್ಲಿ ಬೇರೆ ಮಾದರಿ ಆರಿಸಿದ್ದರೆ ಸರಾಸರಿ ಎಷ್ಟು ಏರುಪೇರಾಗುತ್ತಿತ್ತು? ಮಾನಕ ದೋಷ ಈ ಪ್ರಶ್ನೆಗೆ ಉತ್ತರ. ಪ್ರಶ್ನೆಯೇ ಹುಟ್ಟದವರ ಮುಂದೆ ಉತ್ತರವನ್ನು ಸೂತ್ರವಾಗಿ ಬರೆಯಲಾಗುತ್ತಿದೆ.

ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರ ಹೆಸರು ಇಂಥ ಸಮ್ಮೇಳನಗಳಲ್ಲಿ ತಪ್ಪದೆ ಕೇಳಿಬರುತ್ತದೆ. ಅವರ ಶಾಸ್ತ್ರವನ್ನು ತರಗತಿಗೆ ಇಳಿಸುವ ಚರ್ಚೆ ಮಾತ್ರ ಪ್ರತಿ ಸಲವೂ ಮುಂದೂಡಿಕೆಯಾಗುತ್ತದೆ.

ಚೀಟಿಗಳಿದ್ದರೆ ಸಾಕು, ವಿಷಯ ಕಣ್ಣಿಗೇ ಕಾಣುತ್ತದೆ. ಈ ಸಮ್ಮೇಳನ ನಡೆಯುತ್ತಿರುವ ಆಟೋ ನಗರದ ಐದು ಗ್ಯಾರೇಜುಗಳಲ್ಲಿ 2, 4, 6, 8, 10 ಕೆಲಸಗಾರರಿದ್ದಾರೆ ಎಂದಿಟ್ಟುಕೊಂಡರೆ ಸರಾಸರಿ 6. ಈ ಸಂಖ್ಯೆಗಳನ್ನು ಒಂದೊಂದು ಚೀಟಿಯಲ್ಲಿ ಬರೆದು ಎರಡೆರಡು ಚೀಟಿ ಎತ್ತಿದರೆ ಹತ್ತು ಜೋಡಿ ಸಾಧ್ಯ. ಅವುಗಳ ಸರಾಸರಿ 3ರಿಂದ 9ರವರೆಗೆ ಹರಡುತ್ತದೆ. 5, 6, 7 ಎರಡೆರಡು ಬಾರಿ, ಉಳಿದವು ಒಂದೊಂದು ಬಾರಿ. ಹತ್ತರ ಸರಾಸರಿ ಮತ್ತೆ 6. ನಾಲ್ಕು ನಾಲ್ಕು ಎತ್ತಿದರೆ ಹರವು 5ರಿಂದ 7ಕ್ಕೆ ಕುಗ್ಗುತ್ತದೆ. ಮಾದರಿ ದೊಡ್ಡದಾದಂತೆ ಅಂದಾಜು ಏಕೆ ಬಿಗಿಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

ಒಬ್ಬೊಬ್ಬರ ಕೈಯಲ್ಲೂ ಇರುವುದು ಒಂದೇ ಮಾದರಿ. ವಿತರಣೆ ಕಾಣಬೇಕಾದರೆ ಇಡೀ ತರಗತಿ ತನ್ನ ಸರಾಸರಿಗಳನ್ನು ಒಂದೇ ಹಲಗೆಯ ಮೇಲೆ ಗುರುತಿಸಬೇಕು. ಆದ್ದರಿಂದ ಇದು ಮನೆಗೆಲಸವಾಗಲಾರದು, ಪ್ರಾಯೋಗಿಕ ಅವಧಿಯೇ ಬೇಕು. ಜಗಳ ಇರುವುದೂ ಇಲ್ಲೇ. ಪ್ರಯೋಗಾಲಯ ವಿಜ್ಞಾನದವರಿಗೆ, ಸಮಾಜವಿಜ್ಞಾನಕ್ಕೆ ಉಪನ್ಯಾಸ ಸಾಕು ಎಂಬ ಮಾತು ಪಠ್ಯಕ್ರಮ ಸಭೆಗಳಲ್ಲಿ ವರ್ಷಗಳಿಂದ ಗೆಲ್ಲುತ್ತ ಬಂದಿದೆ. ಚೀಟಿ ಎತ್ತುವುದನ್ನು ಮಕ್ಕಳಾಟವೆಂದು ನಕ್ಕವರಿದ್ದಾರೆ. 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಬರೆದ ಗಾಸೆಟ್, 3000 ಅಪರಾಧಿಗಳ ಅಳತೆಗಳನ್ನು ರಟ್ಟಿನ ತುಂಡುಗಳ ಮೇಲೆ ಬರೆದು, ಕಲಸಿ, ನಾಲ್ಕು ನಾಲ್ಕರಂತೆ 750 ಮಾದರಿ ಮಾಡಿ ತನ್ನ ಲೆಕ್ಕವನ್ನು ಪರೀಕ್ಷಿಸಿದ್ದನೆಂಬುದು ಅವರಿಗೆ ನೆನಪಿಲ್ಲ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಒಂದೇ ಪ್ರದೇಶಕ್ಕೆ ಸ್ವತಂತ್ರ ಉಪಮಾದರಿಗಳನ್ನು ಬೇರೆ ಬೇರೆ ತಂಡಗಳಿಗೆ ಕೊಟ್ಟು ಫಲಿತಾಂಶಗಳನ್ನು ಹೋಲಿಸಿದ್ದೂ ಇದೇ ದಾರಿ. ಸಾಫ್ಟ್‌ವೇರ್ ಕೊಂಡರೆ ಸಾಕೆನ್ನುವ ವಾದವೂ ನಿಲ್ಲುವುದಿಲ್ಲ: ಗುಂಡಿ ಒತ್ತಿದರೆ ಸಂಖ್ಯೆ ಬರುತ್ತದೆ, ಅದರ ಹಿಂದಿನ ಏರುಪೇರು ಕಾಣುವುದಿಲ್ಲ.

ಚೀಟಿಯ ಮಿತಿಯನ್ನೂ ಕಲಿಸಬೇಕು. ಮುಖ್ಯರಸ್ತೆಗೆ ಮುಖಮಾಡಿದ ಗ್ಯಾರೇಜುಗಳನ್ನಷ್ಟೇ ಕೇಳಿದರೆ ಸರಾಸರಿಗಳು ಒತ್ತಾಗಿ ಸೇರಿದರೂ ತಪ್ಪು ಜಾಗದಲ್ಲಿ ಸೇರಬಹುದು. ಮಾನಕ ದೋಷ ಆ ತಪ್ಪನ್ನು ಅಳೆಯುವುದಿಲ್ಲ. ಒಳಗಲ್ಲಿಯ ಶೆಡ್ಡುಗಳನ್ನೂ ಸೇರಿಸಿ ಪಟ್ಟಿ ಮಾಡುವುದೇ ಅದಕ್ಕೆ ಮದ್ದು.

ಸಮ್ಮೇಳನದ ಮುಂದಿರುವ ಸಲಹೆಗಳು ಇವು. ಮೊದಲನೆಯದು, ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ಎರಡು ಗಂಟೆಯ ನಾಲ್ಕು ಪ್ರಾಯೋಗಿಕ ಅವಧಿ. 200 ಚೀಟಿ, ಪ್ರತಿಯೊಬ್ಬರಿಂದ 5 ಮತ್ತು 20ರ ಮಾದರಿ, ಎತ್ತಿದ ಚೀಟಿಯನ್ನು ಮರಳಿ ಹಾಕಿ. ಮಾದರಿ ನಾಲ್ಕು ಪಟ್ಟಾದರೆ ಮಾನಕ ದೋಷ ಅರ್ಧಕ್ಕಿಳಿಯುವುದು ಹಲಗೆಯ ಮೇಲೇ ಕಾಣಲಿ. ಎರಡನೆಯದು, ಇದಕ್ಕೆ ಆಂತರಿಕ ಮೌಲ್ಯಮಾಪನದಲ್ಲಿ 10 ಅಂಕ. ಮೂರನೆಯದು, ಸೂತ್ರ ಈ ಅವಧಿಗಳ ನಂತರವೇ ಬರಲಿ. ನಾಲ್ಕನೆಯದು, ಬೆಳಗಾವಿ, ಖಾನಾಪುರದ ಕಾಲೇಜುಗಳು ಒಂದೇ ಪ್ರಶ್ನಾವಳಿಯಿಂದ ಬೇರೆ ಬೇರೆ ಮಾದರಿ ತಂದು ಹೋಲಿಸಲಿ. ಐದನೆಯದು, ಪ್ರತಿ ತಾಲೂಕಿಗೂ ಕನ್ನಡದಲ್ಲೇ ಸಿದ್ಧಪಡಿಸಿದ ದತ್ತಾಂಶ ಭಂಡಾರವೊಂದು ಬರಲಿ. ಅದಕ್ಕೆ ಹಣ, ಜಾಗ, ಮನಸ್ಸು ಮೂರನ್ನೂ ಸರ್ಕಾರ ಕೊಡಲಿ.