ಕಾಯಕದ ಕ್ಷೇಮಶಾಸ್ತ್ರವೂ ನಮ್ಮ ತರುಣರೂ

(ಮಹೋತ್ಸವದ ನಿಮಿತ್ತ ಮಂಗಳೂರಿನ ಪಡೀಲಿನಲ್ಲಿ ಕೂಡಿದ ಭಕ್ತರ ಸಭೆಯಲ್ಲಿ ಮಾಡಿದ ಭಾಷಣ)



ಪಾಠಶಾಲೆಯಲ್ಲಿ ವ್ಯಾಕರಣ ಸಾಹಿತ್ಯಗಳನ್ನು ಓದಿ, ಅವನ್ನೇ ಓದಿಸುತ್ತ ಕಾಲಕಳೆದ ನಾನು ಕಾರಖಾನೆಗಳ ಸುರಕ್ಷತೆಯ ವಿಷಯವಾಗಿ ಮಾತನಾಡಲು ನಿಂತಿರುವದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಅದಕ್ಕೆ ಕಾರಣವುಂಟು. ನಿನ್ನೆ ಸಾಯಂಕಾಲ ಭಕ್ತರೊಬ್ಬರು ಬಿಡಾರಕ್ಕೆ ಬಂದರು. ಬಾಗಲಕೋಟೆಯ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು ಈ ಪಡೀಲಿನಲ್ಲಿಯೇ ನೆಲೆಸಿದವರು. ಮಗನನ್ನು ಮುಂದೆ ನಿಲ್ಲಿಸಿ, "ಗುರುಗಳ, ಇಂವಾ ಬಿ.ಎಸ್‌ಸಿ. ಮುಗಿಸ್ಯಾನ್ರಿ. ಈಗ ಸೇಫ್ಟಿ ಓದತೇನಿ ಅಂತಾನ. ತಲಿಗೆ ಟೊಪ್ಪಿಗಿ ಹಾಕ್ಕೋ ಅಂತ ಹೇಳಾಕ ಯುನಿವರ್ಸಿಟಿ ಬೇಕೇನ್ರಿ?" ಎಂದು ಕೇಳಿದರು. ನಾನು ಒಡನೆ ಉತ್ತರ ಕೊಡಲಿಲ್ಲ. ಆ ಪ್ರಶ್ನೆ ನಿಮ್ಮಲ್ಲಿ ಅನೇಕರದಾಗಿರುವ ಸಂಭವವುಂಟಾದುದರಿಂದ ಎಲ್ಲರ ಮುಂದೆಯೇ ಉತ್ತರಿಸಬೇಕೆಂದು ಬಗೆದೆನು.

ಬಯಲುಸೀಮೆಯಿಂದ ಬಂದ ಹಿರಿಯರಿಗೆ ಹಗೇವು ಎಂದರೇನೆಂಬದನ್ನು ಹೇಳಬೇಕಾದುದಿಲ್ಲ. ಇಲ್ಲಿಯೇ ಹುಟ್ಟಿದ ಮಕ್ಕಳಿಗಾಗಿ ಹೇಳುತ್ತೇನೆ. ಜೋಳವನ್ನು ಕೂಡಿಡಲು ನೆಲದಲ್ಲಿ ತೋಡಿದ, ಬಾಯಿ ಕಿರಿದಾಗಿ ಹೊಟ್ಟೆ ಹಿರಿದಾದ ಕುಣಿಯದು. ಮುಚ್ಚಿಟ್ಟ ಕಾಳು ಒಳಗೇ ಉಸಿರಾಡುತ್ತ ಪ್ರಾಣವಾಯುವನ್ನು ತೀರಿಸಿ ಇಂಗಾಲಾಮ್ಲ ವಾಯುವನ್ನು ತುಂಬಿಡುವದು. ಅದಕ್ಕಾಗಿಯೇ ನಮ್ಮಜ್ಜನು ಹಗೇವನ್ನು ತೆರೆದು ಒಂದು ದಿನ ಹಾಗೆಯೇ ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದನು. ದೀಪವು ಆರಿದರೆ ಯಾರೂ ಇಳಿಯತಕ್ಕದ್ದಲ್ಲ.

ನನಗೆ ಎಂಟೊಂಬತ್ತು ವರುಷಗಳಾಗಿದ್ದಾಗ ನಮ್ಮ ಓಣಿಯ ಒಂದು ಮನೆಯಲ್ಲಿ ಅವಸರಪಟ್ಟು, ತೆರೆದ ಕೂಡಲೇ ಒಬ್ಬನನ್ನು ಇಳಿಸಿದರು. ಅವನು ಕಾಳಿನ ಮೇಲೆ ಕುಸಿದನು. ಮೇಲಿದ್ದ ತಮ್ಮನು "ಅಣ್ಣಾ" ಎಂದು ಕೂಗಿ ಧುಮುಕಲು ಹೋದನು. ನಮ್ಮಜ್ಜನು ಅವನ ನಡುವನ್ನು ಎರಡೂ ಕೈಗಳಿಂದ ಅಪ್ಪಿ ಹಿಡಿದನು. ಆ ತರುಣನು ಅಜ್ಜನ ಕೈಯನ್ನು ರಕ್ತ ಬರುವಂತೆ ಕಚ್ಚಿದರೂ ಬಿಡಲಿಲ್ಲ. ಕೊಕ್ಕೆ ಹಗ್ಗಗಳನ್ನು ತಂದು ಅಣ್ಣನನ್ನು ಎತ್ತುವಷ್ಟರಲ್ಲಿ ಪ್ರಾಣ ಹೋಗಿತ್ತು. ತಮ್ಮನು ಬದುಕಿದನು. ಆದರೆ ಒಂದು ವರುಷ ನಮ್ಮಜ್ಜನ ಸಂಗಡ ಮಾತನಾಡಲಿಲ್ಲ.

ಈ ಸಂಗತಿ ನನಗೆ ಮತ್ತೆ ನೆನಪಾದುದು ನಿಮ್ಮ ಊರಿನ ಸಮಾಚಾರವನ್ನು ಓದಿದಾಗ. 2022ರ ಏಪ್ರಿಲ್ 17ರಂದು ಬಜಪೆಯ ಸಮೀಪದ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣ ಘಟಕವೊಂದರಲ್ಲಿ ಕೊಳೆಯ ತೊಟ್ಟಿಯೊಳಗೆ ಒಬ್ಬ ಕೆಲಸಗಾರನು ಬಿದ್ದನು. ಅವನನ್ನು ಎತ್ತಲು ಒಬ್ಬರ ಹಿಂದೊಬ್ಬರು ಹೋದರು. ವಿಷವಾಯುವಿನಿಂದ ಐವರು ಮಡಿದರು. ಐವರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. 2025ರ ಜುಲೈ 12ರಂದು ಸುರತ್ಕಲ್ಲಿನ ಕಡೆಯ ತೈಲ ಶುದ್ಧೀಕರಣಾಗಾರದಲ್ಲಿಯೂ ವಿಷಾನಿಲದಿಂದ ಇಬ್ಬರು ತೀರಿಕೊಂಡರು. ರಕ್ಷಿಸಲು ಹೋದ ಮತ್ತೊಬ್ಬನು ಆಸ್ಪತ್ರೆಯನ್ನು ಸೇರಿದನು. ಮಹಾಶಯರೇ, ತೊಟ್ಟಿಗಿಳಿದವರು ಮೂರ್ಖರಲ್ಲ. ಸಂಗಡಿಗನನ್ನು ಬಿಟ್ಟು ನಿಲ್ಲಲಾರದ ಒಳ್ಳೆಯವರು. ಅವರಲ್ಲಿ ದಯೆಯಿತ್ತು, ಅವರ ನಡುವನ್ನು ಹಿಡಿಯುವವರು ಇರಲಿಲ್ಲ.

ಹಾಗಾದರೆ ಕಂದೀಲೊಂದಿದ್ದರೆ ಸಾಕಲ್ಲವೇ, ವಿಶ್ವವಿದ್ಯಾಲಯವೇಕೆ ಎಂದು ಕೇಳುವಿರಿ. ಸಾಲದು. ಮೀನು, ಮಾಂಸ, ಮಲಗಳು ಕೊಳೆಯುವಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಎಂಬ ವಾಯುವು ಮನುಷ್ಯನನ್ನು ಕೊಲ್ಲುವಷ್ಟಿರುವಲ್ಲಿಯೂ ದೀಪವು ಉರಿಯುತ್ತಲೇ ಇರುವದು. ಅಲ್ಪವಾಗಿದ್ದಾಗ ಕೊಳೆತ ತತ್ತಿಯಂತೆ ನಾರುವ ಅದು, ಹತ್ತು ಲಕ್ಷ ಭಾಗ ಗಾಳಿಯಲ್ಲಿ ನೂರು ಭಾಗದಷ್ಟಾದರೆ ಮೂಗನ್ನೇ ಕುರುಡು ಮಾಡುವದು; ನಾತ ಹೋಯಿತು, ಗಾಳಿ ಶುದ್ಧವಾಯಿತು ಎಂದು ಭ್ರಮಿಸಿದವನು ಅಲ್ಲಿಯೇ ಬೀಳುವನು. ಮಿಥೇನ್ ವಾಯು ತುಂಬಿದಲ್ಲಿ ಕಂದೀಲನ್ನು ಇಳಿಬಿಟ್ಟರೆ ಸ್ಫೋಟವೇ ಆದೀತು. ಅಜ್ಜನ ವಿದ್ಯೆ ಹಗೇವಿಗೆ ಸರಿ. ಇಂದಿನ ತೊಟ್ಟಿಗೆ ಯಂತ್ರವಿಟ್ಟು ಅಳೆಯಬೇಕು. ಶುದ್ಧ ಗಾಳಿಯಲ್ಲಿ ಆಮ್ಲಜನಕವು ನೂರಕ್ಕೆ 20.9ರಷ್ಟಿರುವದು, 19.5ಕ್ಕಿಂತ ಇಳಿದರೆ ಒಳಗೆ ಹೋಗಲಾಗದು. ಈ ಅಂಕೆಗಳ ಹಿಂದೆ ರಸಾಯನವಿದೆ, ದೇಹಶಾಸ್ತ್ರವಿದೆ, ಕಾಯಿದೆಯಿದೆ.

ಇನ್ನು ಟೊಪ್ಪಿಗೆಯ ಮಾತು. ಈ ಶಾಸ್ತ್ರದಲ್ಲಿ ಟೊಪ್ಪಿಗೆಯು ಕೊನೆಯ ಪಾಠವೆಂದು ತಿಳಿದು ನನಗೇ ಆಶ್ಚರ್ಯವಾಯಿತು. ಮನುಷ್ಯನು ಅಲ್ಲಿಗೆ ಇಳಿಯಲೇಬೇಕೇ, ಹೊರಗಿನಿಂದಲೇ ನೀರು ಚಿಮ್ಮಿಸಿ ತೊಳೆಯಬಾರದೇ ಎಂಬದು ಮೊದಲನೆಯ ಪ್ರಶ್ನೆ. ಅಪಾಯದ ಪದಾರ್ಥವನ್ನು ಬದಲಿಸಬಹುದೇ ಎಂಬದು ಆಮೇಲೆ. ಯಂತ್ರದ ರಚನೆಯಿಂದಲೇ ತಡೆ, ಕೆಲಸದ ಕ್ರಮದಿಂದ ತಡೆ ಅದರ ಮುಂದೆ. ಇವೆಲ್ಲ ಆದ ಮೇಲೆ ಮಿಕ್ಕ ಅಪಾಯಕ್ಕೆ ಟೊಪ್ಪಿಗೆ, ಕೈಚೀಲ, ಮುಖವಾಡ. ಟೊಪ್ಪಿಗೆ ಕೊಟ್ಟು ಕೈತೊಳೆದುಕೊಳ್ಳುವ ಗುತ್ತಿಗೆದಾರನು ಪುಸ್ತಕವನ್ನು ಹಿಂದಿನಿಂದ ತೆರೆದವನು.

ಕೆಲಸದ ಕ್ರಮವೆಂದರೇನೆಂಬದಕ್ಕೆ ನಿಮ್ಮ ಪಡೀಲನ್ನೇ ನೋಡಿರಿ. ಮಂಗಳೂರು ಸೆಂಟ್ರಲ್ಲಿಗೆ, ಪಣಂಬೂರಿಗೆ, ಹಾಸನಕ್ಕೆ ಹೋಗುವ ರೈಲುದಾರಿಗಳು ಇಲ್ಲಿ ಕವಲೊಡೆಯುತ್ತವೆ. ಗಾಡಿಯ ಡ್ರೈವರನು ಎಷ್ಟು ನುರಿತವನಾದರೂ ದಾರಿ ಖಾಲಿಯಿರಬಹುದೆಂದು ಊಹಿಸಿ ಮುಂದರಿಯುವದಿಲ್ಲ. ಸಿಗ್ನಲ್ ಬಿದ್ದ ಮೇಲೆಯೇ ಹೊರಡುವನು. ಕಾರಖಾನೆಯಲ್ಲಿ ಬರಹದ ಪರ್ಮಿಟ್ ಎಂಬದು ಆ ಸಿಗ್ನಲ್ಲು. ಅಳೆದವನ ಸಹಿ, ಹೊರಗೆ ಕಾವಲು ನಿಲ್ಲುವವನ ಹೆಸರು, ಒಳಗೆ ಹೋಗುವವನ ಸೊಂಟಕ್ಕೆ ಹಗ್ಗ—ಇವಿಲ್ಲದೆ ಇಳಿಯತಕ್ಕದ್ದಲ್ಲ. 1948ರ ಕಾರಖಾನೆಗಳ ಕಾಯಿದೆಯ 36ನೆಯ ಕಲಮು ಇಂಥ ಪರೀಕ್ಷೆಯನ್ನೂ ಹಗ್ಗವನ್ನೂ ಬಹುಹಿಂದೆಯೇ ವಿಧಿಸಿತ್ತು.

ಸುರಕ್ಷತಾ ಅಧಿಕಾರಿಯನ್ನು ನೇಮಿಸಬೇಕೆಂಬ ವಿಧಿಯು 1976ರಲ್ಲಿ ಆ ಕಾಯಿದೆಗೆ ಸೇರಿತು. ಅದು ಸಾವಿರ ಜನರು ದುಡಿಯುವ ಕಾರಖಾನೆಗಳಿಗೆ. 1984ರ ಡಿಸೆಂಬರಿನ ಭೋಪಾಲದ ಘೋರ ದುರಂತದ ತರುವಾಯ, 1987ರಲ್ಲಿ, ಅಪಾಯಕರ ಉದ್ಯಮಗಳ ಕಟ್ಟಳೆಗಳು ಬಂದವು. 2025ರ ನವೆಂಬರ್ 21ರಿಂದ ಹೊಸ ಸಂಹಿತೆಯು ಜಾರಿಗೆ ಬಂದು ಸಾವಿರವು ಐದುನೂರಾಯಿತು. ಅಪಾಯಕರ ಕಾರಖಾನೆಗಳಿಗೂ ಕಟ್ಟಡದ ಕೆಲಸಕ್ಕೂ ಇನ್ನೂರೈವತ್ತು. ಆದುದರಿಂದ ಓದಿದವರಿಗೆ ಕೆಲಸವುಂಟು. ಮುಂಬಯಿಯ ಕೇಂದ್ರ ಕಾರ್ಮಿಕ ಸಂಸ್ಥೆ, ಚೆನ್ನೈಯ ಪ್ರಾದೇಶಿಕ ಕಾರ್ಮಿಕ ಸಂಸ್ಥೆಗಳಲ್ಲಿ ಒಂದು ವರುಷದ ಡಿಪ್ಲೊಮಾ ಇದೆ. ತಿರುಚಿನಾಪಳ್ಳಿಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿಯೂ ಕೊಚ್ಚಿ ವಿಶ್ವವಿದ್ಯಾಲಯದಲ್ಲಿಯೂ ಪದವಿಗಳಿವೆ. ಒಂದು ಎಚ್ಚರಿಕೆ: ಕೆಲವೇ ವಾರಗಳಲ್ಲಿ ಪ್ರಮಾಣಪತ್ರ ಕೊಡುವೆವೆಂದು ಹಣ ಕೀಳುವ ಜಾಹಿರಾತುಗಳನ್ನು ನಂಬಬೇಡಿರಿ. ಸರಕಾರವು ಆ ಪತ್ರವನ್ನು ಮನ್ನಿಸುವದೋ ಇಲ್ಲವೋ ಎಂಬದನ್ನು ಫೀಸು ಕಟ್ಟುವ ಮುಂಚೆ ಕೇಳಿರಿ.

ನನ್ನಂಥ ಶಬ್ದಶಾಸ್ತ್ರದವನಿಗೆ ಬಹಳ ಹಿಡಿಸಿದ ನಿಯಮವೊಂದಿದೆ. ಸುರಕ್ಷತಾ ಅಧಿಕಾರಿಯು ಕೆಲಸಗಾರರಲ್ಲಿ ಹೆಚ್ಚಿನವರು ಆಡುವ ಭಾಷೆಯನ್ನು ಬಲ್ಲವನಾಗಿರಬೇಕೆಂದು ಅನೇಕ ರಾಜ್ಯಗಳ ನಿಯಮಗಳು ಹೇಳುತ್ತವೆ. ಎಂಥ ವಿವೇಕ! ಪುಸ್ತಕಗಳು ಇಂಗ್ಲಿಷಿನಲ್ಲಿವೆ, ಗೋಡೆಯ ಫಲಕವೂ ಇಂಗ್ಲಿಷಿನಲ್ಲಿ; ತೊಟ್ಟಿಯ ಬಳಿ ನಿಂತವನು ಬಂಗಾಳದವನೋ, ಒಡಿಶಾದವನೋ, ನಮ್ಮ ಕೊಪ್ಪಳದವನೋ ಆಗಿರುವನು. ಅರ್ಥವಾಗದ ಎಚ್ಚರಿಕೆಯು ಎಚ್ಚರಿಕೆಯೇ ಅಲ್ಲ. ಮನೆಯಲ್ಲಿ ಬಾಗಲಕೋಟೆಯ ಕನ್ನಡ, ಬೀದಿಯಲ್ಲಿ ತುಳು, ಸಂತೆಯಲ್ಲಿ ಹಿಂದಿ ಆಡುವ ಪಡೀಲಿನ ಈ ಹುಡುಗನಿಗೆ ಇರುವ ಯೋಗ್ಯತೆ ದೊಡ್ಡ ಊರಿನ ಇಂಜಿನಿಯರನಿಗೂ ಸುಲಭವಾಗಿ ಬಾರದು.

ತಂದೆಯವರಿಗೆ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಈ ಕೆಲಸವು ಸುಖದ್ದಲ್ಲ. ಸಂಬಳ ಕೊಡುವ ಧಣಿಯ ಎದುರಿಗೇ ನಿಂತು "ಇಂದು ಕೆಲಸ ನಿಲ್ಲಲಿ" ಎನ್ನಬೇಕಾಗುವದು. ಬದುಕಿದವನೇ ಮುಖ ತಿರುಗಿಸುವನು, ನಮ್ಮಜ್ಜನಿಗಾದಂತೆ. ನಿನ್ನೆ ಆ ಹುಡುಗನನ್ನು, "ಕೈ ಕಚ್ಚಿದರೂ ಬಿಡದಂತೆ ಹಿಡಿಯಬಲ್ಲೆಯಾ?" ಎಂದು ಕೇಳಿದೆನು. "ಗೊತ್ತಿಲ್ರಿ ಅಜ್ಜಾರ, ಕಲತು ನೋಡತೇನಿ" ಎಂದನು. ಆಗುತ್ತದೆ ಎಂದು ಹೇಳದೆ ಹೀಗೆ ಹೇಳಿದ್ದು ನನಗೆ ಸರಿಕಂಡಿತು.

ಅವನ ಮೊದಲ ವರುಷದ ಫೀಸನ್ನು ಮಠದ ವಿದ್ಯಾರ್ಥಿನಿಧಿಯಿಂದ ದಯಪಾಲಿಸಬೇಕೆಂದು ಶ್ರೀಗಳವರಲ್ಲಿ ವಿಜ್ಞಾಪಿಸಿದ್ದೇನೆ, ಅಪ್ಪಣೆಯಾಗಿದೆ. ಅದಕ್ಕೊಂದು ಕರಾರು ಉಂಟು. ಓದಿ ಬಂದ ಮೇಲೆ ಅವನು ಮೊದಲು ಮಠಕ್ಕೆ ಬಂದು ನಮ್ಮ ದಾಸೋಹದ ಅಡುಗೆಮನೆಯ ಗ್ಯಾಸಿನ ಕೊಳವೆಗಳನ್ನೂ ಪಾಠಶಾಲೆಯ ಹಿಂದಿನ ಪಾಯಖಾನೆಯ ಗುಂಡಿಯನ್ನೂ ಪರೀಕ್ಷಿಸಿ, ಏನು ತಪ್ಪಿದೆಯೆಂಬದನ್ನು ನಮ್ಮ ಮುಖದ ಮೇಲೆಯೇ ಹೇಳಬೇಕು.