ಖೊವಾಯಿ: ಮಳೆ ಗೀಚಿದ ನೆಲ

ಇವತ್ತು ಬಂಗಾಳದ ಬೀರಭೂಮ್ ಜಿಲ್ಲೆಗೆ ಹೋಗಿಬರೋಣ. ಹೌರಾದಲ್ಲಿ ರೈಲು ಹತ್ತಿದರೆ ಸುಮಾರು 150 ಕಿಲೋಮೀಟರ್ ದೂರಕ್ಕೆ ಬೋಲ್ಪುರ. ಅದರ ಮಗ್ಗುಲಲ್ಲೇ ಶಾಂತಿನಿಕೇತನ. ಅಲ್ಲಿಂದ ಕೋಪಾಯಿ ಹೊಳೆಯ ಕಡೆಗೆ ನಡೆದರೆ ಕಾಲಡಿಯ ನೆಲ ಕೆಂಪು ಕೊರಕಲುಗಳಾಗಿ ಒಡೆದುಕೊಳ್ಳುತ್ತದೆ. ಇದೇ ಖೊವಾಯಿ. ಜಂಬಿಟ್ಟಿಗೆ ಮಣ್ಣನ್ನು ಮಳೆನೀರು ವರ್ಷವರ್ಷವೂ ಕೊರೆದದ್ದು. ಸುತ್ತ ಒಂಟಿ ತಾಳೆಮರಗಳು, ಭತ್ತದ ಗದ್ದೆ, ಸಂತಾಲರ ಮಣ್ಣಿನ ಮನೆಗಳು. ಮಿಕ್ಕದ್ದೆಲ್ಲ ಬಯಲು, ಆಕಾಶ.

ಈ ಬಯಲಿನಲ್ಲಿ ನೋಡುವುದೇನು ಎಂದು ಕೇಳಿದರೆ, ಇದನ್ನೇ ಚಿತ್ರಿಸಿದ ನಂದಲಾಲ್ ಬೋಸರ ಪುಟ್ಟ ಕಾರ್ಡುಗಳನ್ನು ನೋಡಿ ಎನ್ನುತ್ತೇನೆ. ಕವಿ ರವೀಂದ್ರನಾಥ ಠಾಕೂರರು 1919ರಲ್ಲಿ ಶಾಂತಿನಿಕೇತನದಲ್ಲಿ ತೆರೆದ ಕಲಾಶಾಲೆ ಕಲಾಭವನವನ್ನು ದಶಕಗಳ ಕಾಲ ಮುನ್ನಡೆಸಿದ ಕಲಾವಿದರು ಅವರು. ಓಡಾಡುವಾಗ ಅಂಚೆಕಾರ್ಡಿನಷ್ಟು ಕಾಗದ ಜೊತೆಗಿರುತ್ತಿತ್ತು. ಕಂಡದ್ದನ್ನು ಪೆನ್ಸಿಲಿನಲ್ಲೋ ಮಸಿಯಲ್ಲೋ ನಿಂತಲ್ಲೇ ಬರೆದುಬಿಡುತ್ತಿದ್ದರು.

ಅಂಥ ಗೆರೆಚಿತ್ರ ಕೈಗೆ ಸಿಕ್ಕಾಗ ಅವಸರ ಮಾಡಬೇಡಿ. ತಾಳೆಮರಕ್ಕೆ ಒಂದು ನೆಟ್ಟಗೆರೆ ಸಾಕು; ಆದರೆ ಅದು ಎಲ್ಲಿ ಒತ್ತಿದೆ, ಎಲ್ಲಿ ತೇಲಿದೆ ನೋಡಿ. ಒತ್ತಿದಲ್ಲಿ ಬುಡದ ಭಾರ, ತೇಲಿದಲ್ಲಿ ಗಾಳಿ. ಏನನ್ನೂ ಬರೆಯದೆ ಬಿಟ್ಟ ಕಾಗದವೇ ಬಯಲು. 1924ರಲ್ಲಿ ರವೀಂದ್ರರ ಜೊತೆ ಚೀನಾ, ಜಪಾನು ಸುತ್ತಿ, ಅಲ್ಲಿನ ಚಿತ್ರಕಲೆಯನ್ನು ಕಂಡು ಬಂದ ನಂದಲಾಲರಿಗೆ ಖಾಲಿ ಜಾಗದ ಬೆಲೆ ಚೆನ್ನಾಗಿ ಗೊತ್ತಿತ್ತು. ಮುಂದೆ ಬರೆಯಲಿರುವ ದೊಡ್ಡ ಚಿತ್ರದ ಕರಡು ಎಂದು ಇಂಥ ಗೆರೆಚಿತ್ರವನ್ನು ಪಕ್ಕಕ್ಕಿಡಬಾರದು. ಕಣ್ಣು ಕಂಡ ಗಳಿಗೆಯಲ್ಲೇ ಕೈ ಹೇಳಿ ಮುಗಿಸಿದ ಮಾತು ಇದು.

ನಮ್ಮ ಮೈಸೂರಿನ ಕಲಾವಿದ ಕೆ. ವೆಂಕಟಪ್ಪನವರೂ ನಂದಲಾಲರೂ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು. ವೆಂಕಟಪ್ಪನವರು ನೀಲಗಿರಿಯ ಮಂಜನ್ನು ಜಲವರ್ಣದಲ್ಲಿ ತಾಳ್ಮೆಯಿಂದ, ಪದರಪದರವಾಗಿ ಹಿಡಿದರು. ನಂದಲಾಲರ ಪೆನ್ಸಿಲು ಕೆಲವೇ ಗೆರೆ ಎಳೆದು ಕಾಗದದಿಂದ ಎದ್ದುಬಿಡುತ್ತಿತ್ತು. ಗುರು ಒಬ್ಬರೇ, ನಡಿಗೆ ಬೇರೆ. ನೆಲದ ಮೇಲಿನ ಅಕ್ಕರೆ ಮಾತ್ರ ಇಬ್ಬರದೂ ಒಂದೇ.

2023ರಲ್ಲಿ ಶಾಂತಿನಿಕೇತನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೋದವರು ಅಲ್ಲಿನ ಕಟ್ಟಡಗಳನ್ನು, ಭಿತ್ತಿಚಿತ್ರಗಳನ್ನು ನೋಡಿ ಬರುತ್ತಾರೆ. ನೀವು ಹೋದರೆ ಒಂದು ಸಂಜೆಯನ್ನು ಖೊವಾಯಿಗೆ ಎತ್ತಿಡಿ. ಜೇಬಿನಲ್ಲಿ ಒಂದು ಕಾರ್ಡು, ಒಂದು ತುಂಡು ಪೆನ್ಸಿಲು ಇರಲಿ. ಚಿತ್ರ ಬರೆಯಲು ಬಾರದಿದ್ದರೂ ಚಿಂತೆಯಿಲ್ಲ. ಒಂದು ಕೊರಕಲಿನ ಅಂಚನ್ನು ಗೆರೆಯಲ್ಲಿ ಹಿಂಬಾಲಿಸಿ ನೋಡಿ. ಮಳೆ ಹರಿದ ದಾರಿಯಲ್ಲೇ ನಿಮ್ಮ ಪೆನ್ಸಿಲೂ ಹರಿಯುತ್ತದೆ.